ತೂಕ ಎಂಬ ಖಾತೆ

ಸಿದ್ದಾಪುರದಾಚೆ, ತೋಟದ ತೂಕದ ಶೆಡ್ಡಿನಲ್ಲಿ
ಕಂಪ್ಯೂಟರಿಗೆ ನಾನು ‘ತೂಕ’.
ಮನೆಯಲ್ಲಿಟ್ಟ ಹೆಸರು ಅದಕ್ಕೆ ಬೇಡ.
ಬಿದ್ದಪ್ಪ ರೈಟರೊಬ್ಬರೇ ‘ಅಡ್ಮಿನ್’.
ತಕ್ಕಡಿಯ ವೈರು ನೇರ ಒಳಗೆ ಹೋಗುತ್ತದೆ,
ನನ್ನ ಕೈಗೆ ಬರುವುದು ಚೀಟಿ ಮಾತ್ರ.

ಒಳಗಿನ ಬ್ಯಾಟರಿ ಸತ್ತಿದೆ. ಕರೆಂಟು ಹೋಗಿ ಬಂದಾಗಲೆಲ್ಲ
ಎರಡು ಸಾವಿರದ ಒಂಬತ್ತರ ಜನವರಿ ಒಂದಕ್ಕೆ
ಯಂತ್ರ ಎದ್ದು ಕೂರುತ್ತದೆ.
ಆಗ ನನಗೆ ಎಂಟು ವರ್ಷ,
ಅವ್ವನ ಕಾಲಬುಡದಲ್ಲಿ ಉದುರು ಹಣ್ಣು ಹೆಕ್ಕುತ್ತಿದ್ದೆ.
ಗಡಿಯಾರ ಒತ್ತಿದರೆ ಪರದೆ ಮಬ್ಬಾಗಿ
ಪಾಸ್‌ವರ್ಡ್ ಕೇಳುತ್ತದೆ.
ಇವತ್ತು ಯಾವ ದಿನ ಎಂದು ಹೇಳುವುದಕ್ಕೂ
ನನಗೆ ಅಧಿಕಾರವಿಲ್ಲ.

ರೈಟರು ಬಂದು, ಬೆನ್ನು ಅಡ್ಡ ಕೊಟ್ಟು,
ಹಂದಿ ಪಾಲು ಹಾಕುವವರ ಹಾಗೆ ಗಂಭೀರವಾಗಿ
ಎರಡೇ ಬೆರಳಲ್ಲಿ ಕುಟ್ಟುತ್ತಿದ್ದರು.
ಒಮ್ಮೆ ಕೇಳಿದ್ದಕ್ಕೆ ನಕ್ಕರು:
“ಜಮ್ಮಾ ಜಾಗ ಒಕ್ಕಕ್ಕೆಲ್ಲ ಸೇರಿದ್ದು ಮಾರಾಯ್ತಿ,
ಪಟ್ಟೆದಾರ ಮಾತ್ರ ಒಬ್ಬ.”
ಲೈನುಮನೆಗೆ ಯಾವ ಪಟ್ಟೆ ಅನ್ನಲಿಲ್ಲ ನಾನು.
ಚೀಟಿ ಹರಿದು ಕೊಟ್ಟೆ.

ರೋಬಸ್ಟಾ ಕೆಂಪಾದ ವಾರವೇ
ಅವರಿಗೆ ಮೈಸೂರಲ್ಲಿ ಕಣ್ಣಿನ ಪೊರೆ.
ಇಲ್ಲಿ ಗೋಣಿ ಹೊತ್ತ ಸಾಲು ಗೇಟು ದಾಟಿದೆ,
ತಾರೀಖು ತಪ್ಪಿದ ಚೀಟಿಗೆ ಬಟವಾಡೆ ಇಲ್ಲವಂತೆ.
ಫೋನಿನಲ್ಲಿ, ನರ್ಸಿಗೂ ಕೇಳದ ಹಾಗೆ:
“ಮೊದಲನೆಯದು ದೊಡ್ಡಕ್ಷರ.
ಕೊನೆಗೆ ಸೊನ್ನೆ, ಓ ಅಲ್ಲ. ಆಮೇಲೆ ಮರೆತುಬಿಡು.”
ಪದ್ಯದಲ್ಲೂ ಬರೆಯುವುದಿಲ್ಲ ಅದನ್ನು.

ದಿನ ಸರಿಮಾಡಿದೆ.
ಅಷ್ಟಕ್ಕೇ ಎದ್ದು ಬರಬೇಕಿತ್ತು.

ಅಡ್ಮಿನ್ನಿಗೆ ಮಾತ್ರ ತೆರೆಯುವ ಫೋಲ್ಡರೊಂದು.
ಎಡಕ್ಕೆ ತಕ್ಕಡಿ ಹೇಳಿದ್ದು, ಬಲಕ್ಕೆ ಚೀಟಿ ಹೇಳಿದ್ದು,
ನಡುವೆ ‘ಗೋಣಿ, ಎಲೆ, ತೇವ’.
ಬೊಳ್ಳಿ: ಅರವತ್ತೆಂಟು. ಅರವತ್ತಮೂರು.
ಬೊಳ್ಳಿ ನನ್ನ ಅವ್ವ.
ಗೋಣಿ ಎಷ್ಟು ತೂಗುತ್ತದೆ ಅಂತ ನನಗೆ ಗೊತ್ತು,
ದಿನಾ ಮಡಚಿಡುವವಳು ನಾನೇ.

ಬೆರಳು ಮೂರರ ಮೇಲೆ ನಿಂತಿತು.
ಎಂಟು ಮಾಡಬಹುದು. ತೊಂಬತ್ತೂ ಮಾಡಬಹುದು,
ಯಾರು ಕೇಳುತ್ತಾರೆ, ಈಗ ನಾನೇ ರೈಟರು.
ಹೊರಗೆ ಯಾರೋ ಕೆಮ್ಮಿದರು.

ಅಂಕಿ ಮುಟ್ಟಲಿಲ್ಲ.
ಫೋಲ್ಡರಿನ ಹಕ್ಕುಗಳ ಪಟ್ಟಿ ಬಿಡಿಸಿ
‘ಎಲ್ಲರೂ’ ಎಂದು ಒಂದು ಹೆಸರು ಸೇರಿಸಿದೆ.
ಓದುವ ಚೌಕಕ್ಕೆ ಗುರುತು ಹಾಕಿದೆ.
ಬರೆಯುವ ಚೌಕ ಖಾಲಿ ಬಿಟ್ಟೆ,
ಎಲ್ಲರೂ ಅಂದರೆ ನಾನೂ.

ಲಾಗ್ ಔಟ್ ಆಗಿ, ‘ತೂಕ’ವಾಗಿ ಮತ್ತೆ ಒಳಬಂದು
ಪರದೆಯನ್ನು ಕಿಟಕಿಯತ್ತ ತಿರುಗಿಸಿದೆ.
ಅಕ್ಷರ ಬಾರದಿದ್ದರೂ ಸಾಲಿನಲ್ಲಿ
ಅಂಕಿ ಬಾರದವರಿಲ್ಲ.

ಮುಂದಿನವರು ಬನ್ನಿ.