ಷರಾ

ಮೂರು ಕಾಲಮ್ಮು. ಎಡಕ್ಕೆ ಅವರ ಕಾಯ್ದೆ,
ನಡುವೆ ಲೋಕ ಒಪ್ಪಿದ ಅಳತೆ,
ಬಲಕ್ಕೆ ಖಾಲಿ, ಅದು ನನ್ನದು: ಷರಾ.
ಹುಬ್ಬಳ್ಳಿ ನವನಗರದ ಬಾಡಿಗೆ ಖೋಲಿಯಲ್ಲಿ
ಎಂದೂ ಕಾಣದ ದೇಶವೊಂದರ ಚುನಾವಣೆಯನ್ನು
ಕಲಮು ಕಲಮಾಗಿ ಬಿಚ್ಚಿ ಹರವಿದ್ದೇನೆ.
ಅಲ್ಲಿ ನದಿಗಳು ಬಹಳವಂತೆ,
ನಕಾಶೆಯಲ್ಲಿ ಮತಗಟ್ಟೆಗಳು ಇರುವೆಮೊಟ್ಟೆಯ ಹಾಗೆ
ದಡಕ್ಕೆ ಅಂಟಿಕೊಂಡಿವೆ.

ಮಂಚದ ಮೇಲೆ ಅಪ್ಪ. ಪೊರೆ ತೆಗೆಸಿ ನಾಲ್ಕು ದಿನ,
ಕರಿ ಚಾಳೀಸು, ಪೇಪರು ಬಂದ್.
‘ಏನ್ ಓದಾಕತ್ತಿ? ಜೋರಾಗಿ ಓದು’ ಅಂದ.

ಓದಿದೆ. ಕಲಮು ಹದಿನಾಲ್ಕು, ಠೇವಣಿ:
ಅಲ್ಲಿಯ ಮಾಸ್ತರನೊಬ್ಬನ ಮೂರು ವರ್ಷದ ಪಗಾರ.
ಷರಾ: ವಿಪರೀತ.
ಕಲಮು ಮೂವತ್ತೊಂದು: ಆಯುಕ್ತರನ್ನು ಅಧ್ಯಕ್ಷರು
ಉಚಿತವೆಂದು ಕಂಡಲ್ಲಿ ತೆಗೆದುಹಾಕಬಹುದು.
ಉಚಿತ! ಬೆಣ್ಣೆ ಸವರಿದ ಚೂರಿ.
ಕಲಮು ಎಪ್ಪತ್ತು: ಎಣಿಕೆಯ ನಕಲನ್ನು ಏಜೆಂಟರಿಗೆ
ಕೊಡಬಹುದು.
‘ಬಹುದು’ ಹೊಡೆದು ‘ತಕ್ಕದ್ದು’ ಎಂದು ಬರೆದೆ.
ಅಪ್ಪ ನಕ್ಕ: ‘ತಕ್ಕದ್ದು ಅಂದ್ರ ಅರ್ಧಾ ತಕ್ಕಡಿ ಬಂದಂಗಾತು.
ಇನ್ನರ್ಧ ಎಲ್ಲೈತಿ?’

ಬ್ಯಾಡಗಿಯಲ್ಲಿ ತೂಕದ ಇನ್‌ಸ್ಪೆಕ್ಟರ್ ಆಗಿದ್ದವ.
ಮೆಣಸಿನಕಾಯಿ ಘಾಟಿಗೆ ಮೂಗಿಗೆ ಟಾವೆಲ್ಲು ಸುತ್ತಿ,
ಸೀನುತ್ತ ಸೀನುತ್ತ, ಅಂಗಡಿ ಅಂಗಡಿಯ ಕಲ್ಲು
ಮಗುಚಿ ನೋಡುತ್ತಿದ್ದ. ಮುಖ ಕೇಳಿದರೆ
ಎಲ್ಲ ಕಲ್ಲೂ ಐದು ಕಿಲೋ ಅಂತಲೇ ಹೇಳುತ್ತದೆ.
ಬುಡದ ತೂತಿನ ಸೀಸ ಕೆತ್ತಿ ತೆಗೆದು
ಮೇಣ ತುಂಬಿರುತ್ತಾರೆ. ತಟ್ಟೆಯಡಿ ಹುಣಸೆಹಣ್ಣು.

‘ಮಗುಚಿ ಓದು’ ಅಂದ ಈಗ.

ಮಗುಚಿದೆ. ಕೊನೆಯ ಪುಟ, ಸಾಸಿವೆ ಅಕ್ಷರ,
ಕಲಮು ನೂರಾ ಹದಿನೆಂಟು:
‘ಈ ಅಧಿನಿಯಮದಲ್ಲಿ ಏನೇ ಒಳಗೊಂಡಿದ್ದರೂ,
ಸರಕಾರವು, ಅಗತ್ಯಬಿದ್ದಲ್ಲಿ…’
ಹಿಂದಿನ ನೂರಾ ಹದಿನೇಳರ ಭಾರ
ಆ ಒಂದು ತೂತಿನಿಂದ ಸೋರಿಹೋಗಿತ್ತು.

‘ಸಿಕ್ತಿಲ್ಲ?’ ಅಂದ, ಹಳೆಯ ಖುಷಿಯಲ್ಲಿ.
ಆಮೇಲೆ ಗೋಡೆಯ ಕಡೆ ಹೊರಳಿ,
‘ನಡುವಿನ ಕಾಲಮ್ಮಿನ್ಯಾಗ ಕಲ್ಲು ಇಟ್ಟೀಯಲ್ಲ,
ಅದನ್ನ ಯಾರು ತೂಗ್ಯಾರ?’

ಪೇಟೆಯ ಕಲ್ಲಿಗೆ ತಾಲೂಕಿನದು, ತಾಲೂಕಿಗೆ ಜಿಲ್ಲೆಯದು,
ಅದಕ್ಕೆ ದಿಲ್ಲಿಯದು, ಎಲ್ಲಕ್ಕೂ ಮೇಲೆ
ಯಾವುದೋ ದೂರದೂರಿನಲ್ಲಿ ಗಾಜಿನ ಬುರುಡೆಯಡಿ
ಒಂದು ಗುಂಡು. ಅದೂ ತುಸು ಸವೆದಿತ್ತಂತ
ಅವನೇ ಒಮ್ಮೆ ಹೇಳಿದ್ದ, ಮನೆಯಲ್ಲಿ ಯಾರೋ
ಸತ್ತ ಸುದ್ದಿ ಹೇಳುವ ದನಿಯಲ್ಲಿ.
ಮರುದಿನ ಮತ್ತೆ ಚೀಲ ಹೆಗಲಿಗೇರಿಸಿ ಹೋಗಿದ್ದ.
ನನ್ನ ಉತ್ತರಕ್ಕೆ ಕಾಯಲಿಲ್ಲ. ಇರಲೂ ಇಲ್ಲ.

ಒಂದು ಸಾಲು ಉಳಿದಿದೆ: ಗೌಪ್ಯ ಮತದಾನ.

ನೌಕರಿಯ ಮೊದಲ ವರ್ಷ, ಶಿರಹಟ್ಟಿ ಕಡೆಯ ಊರು,
ಕನ್ನಡ ಶಾಲೆ, ಮೂರನೇ ಇಯತ್ತೆಯ ಖೋಲಿ.
ಫಕ್ಕೀರವ್ವ ಬೆರಳಿನ ಶಾಯಿ ಊದುತ್ತ ಹೊರಬಿದ್ದಳು.
ಬೇವಿನ ಗಿಡದ ಹತ್ತಿರ ಒಬ್ಬ ತಡೆದ: ‘ಯಾರಿಗ್ ಹಾಕಿದೀ?’
‘ನಿಮಗs ರೀ ಯಪ್ಪಾ.’
ಬೋರಿನ ಹತ್ತಿರ ಇನ್ನೊಬ್ಬ. ‘ನಿಮಗs.’
ಮೋಟಾರ್ ಸೈಕಲ್ ಮೇಲೆ ಕೂತವನಿಗೂ ಅದೇ ಮುಖ:
‘ಮತ್ಯಾರಿಗಿ ರೀ? ನಿಮಗs.’
ಕಿಟಕಿಯಲ್ಲಿ ನಿಂತು ಎಣಿಸಿದೆ ನಾನು.
ಒಂದು ಓಟು, ಗೆದ್ದವರು ಮೂವರು.

ಅವಳಿಗೆ ಮರೆ ಕಟ್ಟಿದ್ದು ನಮ್ಮ ರಟ್ಟೋ, ಅವಳ ನಾಲಿಗೆಯೋ?
ರಟ್ಟು ಅಳತೆಗೆ ಸರಿಯಿತ್ತು, ನಾನೇ ಟೇಪು ಹಿಡಿದಿದ್ದೆ.
ಮೂರು ಸಲ ಸುಳ್ಳು ಹೇಳಿ ಮನೆ ಮುಟ್ಟಬೇಕಾದ್ದನ್ನು
ಯಾವ ಕಾಲಮ್ಮಿನಲ್ಲಿ ಬರೆಯಲಿ?

ಆ ನದಿಗಳ ದೇಶದಲ್ಲಿ, ದೋಣಿ ಇಳಿದ ಹೆಂಗಸೊಬ್ಬಳನ್ನು
ದಡದಲ್ಲಿ ಯಾರೋ ತಡೆದು ಕೇಳುತ್ತಿರಬಹುದು.
ಈ ‘ಬಹುದು’ ಹೊಡೆಯಲು ನನಗೆ ಬರುವುದಿಲ್ಲ.

‘ಏಳಾತು ನೋಡು’ ಅಂದ ಅಪ್ಪ, ಚಾಳೀಸು ತೆಗೆದು,
‘ಹನಿ ಹಾಕು.’