ನಾಲ್ಕನೆಯ ಗಿಡ

ಮನೆಯೊಂದಕ್ಕೆ ನಾಲ್ಕು, ಅಷ್ಟೇ, ಎನ್ನುತ್ತದೆ ಕಾನೂನು.
ಬಂದು ಎಣಿಸಿಕೊಳ್ಳಲಿ ಬೇಕಾದವರು:
ಅಪ್ಪ ಬಲೆ ಹೆಣೆಯುತ್ತಿದ್ದ ಶೆಡ್ಡಿನಲ್ಲಿ
ನೇರಳೆ ದೀಪದ ಕೆಳಗೆ
ಉಪ್ಪುಮೀನಿನ ನಾಲ್ಕು ಬಕೆಟ್ಟು,
ನಾಲ್ಕು ಗಾಂಜಾ ಗಿಡ.

ಮೂರು ನನ್ನವು.
ಬಾಟಲಿಯ ಗೊಬ್ಬರ, ಬಾಟಲಿಯ ಮೇಲೆ ಬರೆದ ಲೆಕ್ಕ.
ದೋಣಿಯ ಎಂಜಿನ್ನಿಗೆ ಎಣ್ಣೆ ಅಳೆದವನು ನಾನು,
ಹನಿ ಹೆಚ್ಚಿದರೆ ಹೊಗೆ ಎಂದು ಗೊತ್ತು.
ನಾಲ್ಕನೆಯದು ಅಕ್ಕ ಡ್ರುಸಿಲಾಳದು.
ಅದಕ್ಕೆ ಕಾಕಂಬಿ.

ಇಪ್ಪತ್ತಾರು ವರ್ಷ ಏಡಿ ಕಾರ್ಖಾನೆಯಲ್ಲಿ
ಕೊಂಡಿ ಮುರಿದ ಬೆರಳು ಅವಳವು,
ಈಗ ಯಾವುದೂ ನೆಟ್ಟಗಿಲ್ಲ.
ಜಾಡಿ ತೆರೆಯಲು ನನ್ನನ್ನು ಕರೆಯಬಹುದು.
ಕರೆಯುವುದಿಲ್ಲ.
ಬಾಗಿಲ ಸಂದಿಗೆ ಮುಚ್ಚಳ ಸಿಕ್ಕಿಸಿ
ಜಾಡಿಯನ್ನೇ ತಿರುಗಿಸುತ್ತಾಳೆ,
ಕೊಲ್ಲಿಯಲ್ಲಿ ದೋಣಿ ತಿರುಗಿಸಿದ ಹಾಗೆ, ಮೈಯೆಲ್ಲ ಬಳಸಿ.

ಇದು ನ್ಯೂಫೌಂಡ್‌ಲ್ಯಾಂಡ್; ಜೂನಿನಲ್ಲೂ
ಕಿಟಕಿಯಾಚೆ ಹಿಮಗಡ್ಡೆ ತೇಲುತ್ತದೆ.
ಮಾರ್ಚಿಯಲ್ಲಿ ಕಾಕಂಬಿ ಬೀಳುವುದೇ ಇಲ್ಲ,
ಚಮಚದ ತುದಿಗೆ ಬಂದು
ಏನೋ ಮರೆತವರ ಹಾಗೆ ನಿಲ್ಲುತ್ತದೆ.
ಅವಳೂ ನಿಲ್ಲುತ್ತಾಳೆ.
ಆಮೇಲೆ ಉಗುರುಬೆಚ್ಚನೆಯ ನೀರು, ಕದಡುವ ಸದ್ದು,
ಶೆಡ್ಡಿನ ತುಂಬ ಅಜ್ಜಿಯ ಅಡುಗೆಮನೆ.

"ಗಿಡಕ್ಕೇನು ಹಲ್ಲುಂಟೇ ಸಿಹಿ ತಿನ್ನಲು?" ಎಂದೆ.
"ಗಿಡ ತಿನ್ನುವುದಿಲ್ಲ ಹೆಡ್ಲಿ,
ಮಣ್ಣಿನೊಳಗೆ ಇರುವವರು ತಿನ್ನುತ್ತಾರೆ.
ಅವರು ಉಂಡು ಬಿಟ್ಟದ್ದು ಗಿಡಕ್ಕೆ."
"ಯಾರು ಅವರು?"
"ಕಾಣುವುದಿಲ್ಲ. ಕೆಲಸ ಮಾತ್ರ ಕಾಣುತ್ತದೆ."

ನಮ್ಮನ್ನು ಬೆಳೆಸಿದ್ದೂ ಇದೇ.
ಬ್ರೆಡ್ಡಿಗೆ ಇದು, ಚಹಾಕ್ಕೆ ಇದು,
ನೆಗಡಿಗೆ ಇದು, ಸುಟ್ಟ ಗಾಯಕ್ಕೆ ಇದು,
ಅಳುವ ಕೂಸಿನ ಬಾಯಿಗೂ ಬಟ್ಟೆಯಲ್ಲಿ ಕಟ್ಟಿ ಇದೇ.
ಎಲ್ಲಿಂದ ಬರುತ್ತದೆಂದು ಕೇಳಿದವರಿಲ್ಲ,
ಅಂಗಡಿಯ ಪೀಪಾಯಿಯಿಂದ.

ಒಮ್ಮೆ ಮಾತ್ರ ಅಜ್ಜಿ ಹೇಳಿದ್ದಳು
ಬ್ರೆಡ್ಡು ಕೊಯ್ಯುತ್ತಾ, ತಲೆಯೆತ್ತದೆ:
ಬಿಸಿಲಿಗೆ ಸೀದ ಮೀನು, ಮುರಿದ ಮೀನು,
ಸ್ಪೇನಿನವರು ಮೂಸಿ ತಳ್ಳಿದ ಮೀನು,
ಎಲ್ಲ ಹಡಗೇರಿ ದಕ್ಷಿಣದ ದ್ವೀಪಗಳಿಗೆ ಹೋಗುತ್ತಿತ್ತಂತೆ,
ಕಬ್ಬು ಕಡಿಯುವವರ ತಟ್ಟೆಗೆ.
ಬೇಡವೆನ್ನುವ ಹಕ್ಕು ಅವರಿಗಿರಲಿಲ್ಲ.
ಮರಳುವಾಗ ಅದೇ ಹಡಗಿನ ತುಂಬ ಕಾಕಂಬಿ.
"ನಾವು ಮುಟ್ಟದ್ದು ಅವರಿಗೆ,
ಅವರ ಬೆವರು ನಮ್ಮ ಬ್ರೆಡ್ಡಿಗೆ. ತಿನ್ನು."
ತಿಂದೆವು. ಹಸಿವಾಗಿತ್ತು.

ಏಪ್ರಿಲಿನಲ್ಲಿ ಅಕ್ಕನಿಗೂ ಆಸೆ ಹುಟ್ಟಿತು.
ಒಂದು ಚಮಚಕ್ಕೆ ಇಷ್ಟು ಚಿಗುರಿದರೆ ಮೂರಕ್ಕೆ?
ಮಣ್ಣು ಹುಳಿಯಾಯಿತು. ಬಿಳಿ ಬೂಜು.
ನುಸಿ ಎದ್ದು ನನ್ನ ಮೂರು ಬಕೆಟ್ಟಿಗೂ ಹಬ್ಬಿದವು.
ನಾನು ಬೈದೆ. ಎಂಜಿನ್ನಿನ ಉದಾಹರಣೆ ಕೊಟ್ಟೆ.
ಅವಳು ಒಂಬತ್ತು ದಿನ ನೀರೇ ಹಾಕದೆ
ಆ ಬಕೆಟ್ಟಿನ ಪಕ್ಕ ಸ್ಟೂಲು ಹಾಕಿ ಕೂತಳು,
ಜ್ವರದ ಮಗುವಿನ ಹತ್ತಿರ ಕೂತಂತೆ.
ಹತ್ತನೆಯ ದಿನ ಕೆಳಗಿನ ಎಲೆ ಉದುರಿತು,
ಮೇಲಿನದು ಉಳಿಯಿತು.

ಕೊಯ್ಲಾಯಿತು. ಒಣಗಿಸಿ ತೂಗಿದೆ,
ಅಪ್ಪನ ಮೀನಿನ ತಕ್ಕಡಿಯಲ್ಲಿ.
ಅವಳದು ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.
ಮುಳ್ಳು ತೋರಿಸಿದೆ.
"ನಿನ್ನ ತಕ್ಕಡಿಗೆ ತುಕ್ಕು," ಎಂದಳು.
ಮೊಗ್ಗನ್ನು ಬೆಣ್ಣೆಯಲ್ಲಿ ಕಾಯಿಸಿ
ರಾತ್ರಿ ಬೆರಳಿಗೆ ತಿಕ್ಕಿಕೊಳ್ಳುತ್ತಾಳೆ.
ನೋವು ಹೋಯಿತೇ ಎಂದರೆ
"ಪಕ್ಕದ ಕೋಣೆಗೆ ಹೋಗಿದೆ" ಎನ್ನುತ್ತಾಳೆ.

ಇವತ್ತು ಮೊದಲ ಹಿಮ.
ನನ್ನ ಮೂರು ಬಕೆಟ್ಟಿನ ಮಣ್ಣು ಹಿತ್ತಲಿಗೆ ಸುರಿದೆ.
ನಾಲ್ಕನೆಯದನ್ನು ಎತ್ತಲು ಹೋದರೆ ಅಕ್ಕ ಅಡ್ಡ ಬಂದಳು,
ಕೈಯಲ್ಲಿ ಜಾಡಿ ಒರೆಸಿದ ಬ್ರೆಡ್ಡಿನ ತುಂಡು.
"ಖಾಲಿ ಮಣ್ಣಲ್ಲವೇ?" ಎಂದೆ.
"ಇಡು ಕೆಳಗೆ," ಎಂದಳು,
"ಒಳಗೆ ಜನ ಇದ್ದಾರೆ."