ಕೊನೆಯ ಅಂಕಿ

ಜೂನ್ ತಿಂಗಳ ಮೊದಲ ತರಗತಿ. ಮದ್ದೂರಿನ ಕಾಲೇಜು,
ಹೆಂಚಿನ ಸೂರಿನ ಲ್ಯಾಬು, ಕಿಟಕಿಗೆ ಮುಕ್ಕಾಲು ಗಾಜು.
ವರ್ಷವರ್ಷವೂ ಬರೆಯುವುದನ್ನೇ ಬೋರ್ಡಿನ ಮೇಲೆ ಬರೆದೆ:
ಜಾಗ ಹಿಡಿಯುವುದೆಲ್ಲ, ತೂಗಿದರೆ ತೂಗುವುದೆಲ್ಲ ದ್ರವ್ಯ.
ಹಿಂದಿನ ಬೆಂಚಿನಿಂದ ಯಾರೋ, "ನಿದ್ದೆ, ಸಾ?"
ನಕ್ಕರು. ನಾನೂ ನಕ್ಕೆ.
ನಿದ್ದೆಗೆ ಜಾಗ ಬೇಕು, ರೆಪ್ಪೆಯ ಮೇಲೆ ಭಾರವೂ ಇದೆ,
ಆದರೂ ಅಲ್ಲ ಎಂದೆ; ಯಾಕಲ್ಲ ಎಂದು ಹೇಳಲು
ಗಂಟೆ ಹೊಡೆಯುವ ತನಕ ಒದ್ದಾಡಿದೆ.

ಮರುದಿನ ಕೇಳಿದೆ: ಮೊಳ ಅಂದರೆ ಯಾರ ಮೊಳ?
ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಗಿಡ್ಡ ಚೆಲುವಾಜಮ್ಮನದೋ,
ಕೊಳ್ಳಲು ಬಂದ ಉದ್ದ ಕೈಯ ಕಂಡಕ್ಟರನದೋ?
ಈ ಜಗಳ ಮುಗಿಸಲಿಕ್ಕೇ ಮೀಟರು ಹುಟ್ಟಿದ್ದು.
"ಮುಗ್ದಿಲ್ಲ ಸಾ," ಅಂದಳು ಕೆಸ್ತೂರಿನ ಶಶಿರೇಖಾ,
"ಆಯಮ್ಮ ಇವತ್ಗೂ ಮೊಣಕೈ ಮಡ್ಸೇ ಅಳೆಯೋದು."

ಅವಳೇ ತಂದಳು ಒಂದು ಬೆಲ್ಲದಚ್ಚು, ಅವರಪ್ಪ ಕಾಸಿದ್ದು.
ನಮ್ಮ ತಕ್ಕಡಿಗೆ ಗಾಜಿನ ಮನೆ; ತೂಗುವಾಗ
ಗಾಳಿಯೂ ಉಸಿರು ಬಿಗಿಹಿಡಿಯಬೇಕು.
ನೂರ ನಲವತ್ತೆರಡು ಗ್ರಾಂ, ಆಮೇಲೊಂದು ಚುಕ್ಕಿ, ಆಮೇಲೆ ನಾಲ್ಕು.
ಇರುವೆ ಬರದ ಹಾಗೆ ತಟ್ಟೆಯ ಸುತ್ತ ನೀರು ಕಟ್ಟಿ
ಬೀರುವಿನಲ್ಲಿಟ್ಟೆವು. ಸೋಮವಾರಕ್ಕೊಮ್ಮೆ ತೂಗಿದೆವು.
ಆಷಾಢದ ಜಡಿ ಹಿಡಿಯಿತು.
ಯಾರೂ ಮುಟ್ಟದ ಬೆಲ್ಲ ನಲವತ್ತನಾಲ್ಕಾಯಿತು, ನಲವತ್ತೈದು, ನಲವತ್ತೇಳು,
ಮೈ ಬೆವತು ತಟ್ಟೆಗಂಟಿತು.
"ಯಾರ್ ಸೇರ್ಸಿದ್ದು ಸಾ?"
ಗಾಳಿ, ಎಂದೆ. ಮಳೆಯಲ್ಲಿ ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ.
ಇಲ್ಲಿ ಕಂಡದ್ದು ಇನ್ನೆಲ್ಲೋ ಕಾಣೆಯಾಗಿರುತ್ತದೆ;
ಒಟ್ಟು ಲೆಕ್ಕದಲ್ಲಿ ಒಂದು ಹನಿಯೂ ತಪ್ಪುವುದಿಲ್ಲ.
ಅವಳು ಪೆನ್ಸಿಲ್ ಕಚ್ಚಿ ಯೋಚಿಸಿದಳು.
"ಅಂಗಾರೆ ಮಂಡ್ಯದ ಮಂಡೀಲಿ ಕ್ವಿಂಟಾಲ್ಗಿಷ್ಟು ಅಂತ
ತೇವ ಕಳೀತಾರಲ್ಲ ಸಾ,
ಆ ಕಳ್ದಿದ್ದು ಯಾರ ಒಟ್ಟು ಲೆಕ್ಕದಲ್ಲಿ ಐತೆ?"
ಅದು ಸಿಲಬಸ್ಸಿನಲ್ಲಿರಲಿಲ್ಲ.

ಪುಷ್ಯದ ಚಳಿ. ಥರ್ಮಾಮೀಟರನ್ನು ಕರವಸ್ತ್ರದಲ್ಲಿ ಸುತ್ತಿ
ಎಳೆಗೂಸಿನಂತೆ ಎದೆಗಿಟ್ಟುಕೊಂಡು ಆಲೆಮನೆಗೆ ಹೋದೆ.
ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಮೊದಲು ನೀರಂತೆ ಕುಣಿಯಿತು,
ಆಮೇಲೆ ದನಿ ಒಡೆದ ಹುಡುಗನಂತೆ
ಗೊಳಗೊಳ ದಪ್ಪಗೆ ಮಾತಾಡಿತು.
ಬೋರಲಿಂಗಯ್ಯ ಕಡ್ಡಿ ಅದ್ದಿ ನೀರಿಗೆ ಬಿಟ್ಟ, ಬೆರಳಲ್ಲಿ ಉರುಳಿಸಿದ.
"ಆಗ್ಲಿಲ್ಲ."
ಮತ್ತೆ ಅದ್ದಿದ. "ಆಗ್ಲಿಲ್ಲ."
ಮೂರನೆಯ ಗೋಲಿಯನ್ನು ತಟ್ಟೆಗೆಸೆದ; ಠಣ್ ಎಂದಿತು.
"ಈಗ."
ಹಬೆ ಕೂತ ಕನ್ನಡಕ ಒರೆಸಿ, ಬಗ್ಗಿ,
ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು ನೋಡಿದೆ:
ನೂರ ಹದಿನೇಳರ ಗೆರೆ ದಾಟಿದೆ, ಹದಿನೆಂಟಕ್ಕೆ ಮುಟ್ಟಿಲ್ಲ.
"ಎಷ್ಟು?"
"ಹದಿನೇಳೂವರೆ ಇರಬಹುದು."
"ಇರಬೋದಾ?"
ಗೆರೆ ಇರುವ ತನಕ ಖಚಿತ, ಎರಡು ಗೆರೆಗಳ ನಡುವೆ ಕಣ್ಣಳತೆ;
ಯಾವ ಅಳತೆಗಾದರೂ ಕೊನೆಯ ಅಂಕಿ ಹಾಗೇ, ಎಂದೆ.
ಪಾಕವನ್ನು ಹುಟ್ಟಿನಿಂದ ಎಳೆಯುತ್ತ, ತಿರುಗಿಯೂ ನೋಡದೆ ಅಂದ:
"ಅಂಗಂದ್ರೆ ನೀವೂವೆ ಅಂದಾಜೇ ಏಳದು, ಅಲ್ವಾ ಸಾ?
ಗಾಜಿನ್ ಕಡ್ಡಿ ಇಟ್ಕಂಡು."
ಬಿಸಿ ಬೆಲ್ಲದ ಒಂದು ತುಂಡು ಎಲೆಯಲ್ಲಿ ಕೊಟ್ಟ.
ನಾಲಿಗೆ ಸುಟ್ಟಿತು. ಅಳೆಯಲಿಲ್ಲ.

ಫೆಬ್ರುವರಿಯಲ್ಲಿ ರೆಕಾರ್ಡುಗಳು ಸಹಿಗೆ ಬಂದವು.
ಶಶಿರೇಖಾಳದು ನೀಲಿ ಶಾಯಿ, ಸ್ಕೇಲಿಟ್ಟು ಎಳೆದ ಅಂಚು.
ಬೆಲ್ಲದ ಪಾಕ. ಉಷ್ಣತೆ: ೧೧೭.೫ ಡಿಗ್ರಿ ಸೆಲ್ಸಿಯಸ್.
ಅದರ ಕೆಳಗೆ, ಅಳಿಸಿದರೆ ಅಳಿಯಲಿ ಎಂಬಂತೆ, ಪೆನ್ಸಿಲ್ಲಿನಲ್ಲಿ:
ಐದು ಸಾರ್ ಊಹಿಸಿದ್ದು. ಠಣ್ ಅಪ್ಪನದು.

ಹತ್ತಕ್ಕೆ ಎಷ್ಟು?
ಕೆಂಪು ಪೆನ್ನಿನ ಮುಚ್ಚಳ ತೆಗೆದು
ಬಹಳ ಹೊತ್ತು ಕೂತೆ.